ಒಂದು ಸೈಕಲ್, ನಾಲ್ಕು ಸರದಿ

ನಮ್ಮೂರಿನಲ್ಲಿ ಜೂನ್ ಬಂತೆಂದರೆ ವಾಕಿಂಗ್ ಮುಗಿಯಿತು. ಮಂಗಳೂರಿನಿಂದ ಉಡುಪಿಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲೇ ನಮ್ಮ ಮನೆಗಳು. ಹೆದ್ದಾರಿಯಲ್ಲಿ ನಡೆಯುವವರಿಗೆಂದು ಜಾಗವಿಲ್ಲ. ಒಳರಸ್ತೆಗೆ ಇಳಿದರೆ ಕೆಸರು, ಕೆಸರು ತಪ್ಪಿದರೆ ನಾಯಿಗಳ ಹಿಂಡು. ಬೇಸಿಗೆಯಲ್ಲಿ ನಡೆಯೋಣವೆಂದರೆ ಬೆಳಿಗ್ಗೆ ಏಳು ಗಂಟೆಗೇ ಸೆಕೆ. ಅದೂ ಅಲ್ಲದೆ, ಹೆಂಗಸರು ಆ ಹೊತ್ತಿಗೆ ಮನೆಯಿಂದ ಹೊರಬೀಳಬೇಕಾದರೆ ತಿಂಡಿ, ಬುತ್ತಿ, ಶಾಲೆಯ ವ್ಯಾನು ಇವನ್ನೆಲ್ಲ ಯಾರ ತಲೆಗೆ ಕಟ್ಟಿ ಬರುವುದು? ಹೀಗಾಗಿ, ಡಾಕ್ಟರರು ಚೀಟಿಯ ಕೊನೆಯಲ್ಲಿ ಬರೆದುಕೊಡುವ "ದಿನಾ ನಡೆಯಿರಿ" ಎಂಬ ಸಾಲು ನಮ್ಮ ಪಾಲಿಗೆ ಚೀಟಿಯಲ್ಲೇ ಉಳಿದಿತ್ತು.

ಪೇಟೆಯ ಹಾರ್ಡ್‌ವೇರ್ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ ಒಂದು ಜಿಮ್ ಶುರುವಾದಾಗ ಮೊದಲು ಸೇರಿದವರು ನಮ್ಮ ಮನೆಯ ಹುಡುಗರು. ಆಮೇಲೆ ಅಲ್ಲಿ ವಾರಕ್ಕೆ ಮೂರು ದಿನ, ಹನ್ನೊಂದರಿಂದ ಹನ್ನೆರಡೂವರೆಯವರೆಗೆ ಲೇಡೀಸ್ ಟೈಮ್ ಇಟ್ಟರು. ಮಕ್ಕಳು ಶಾಲೆಯಲ್ಲಿರುವ, ಮಧ್ಯಾಹ್ನದ ಅನ್ನಕ್ಕೆ ಇನ್ನೂ ನೀರಿಡದ ಹೊತ್ತು. ಆ ಒಂದೂವರೆ ಗಂಟೆಗೆ ನಾವು ನಾಲ್ವರು ಸೇರಿದೆವು. ಒಬ್ಬರು ಪ್ರಾಥಮಿಕ ಶಾಲೆಯಿಂದ ಸ್ವಯಂನಿವೃತ್ತಿ ಪಡೆದ ಟೀಚರ್; ಬ್ಲಡ್ ಪ್ರೆಶರ್ ಇರುವವರು. ಒಬ್ಬರು ಮೂವತ್ತು ವರ್ಷ ಬೀಡಿ ಕಟ್ಟಿದ ನಮ್ಮ ಹಿರಿಯಕ್ಕ; ಶುಗರ್ ಬಂದು ಹನ್ನೊಂದು ವರ್ಷ. ಒಬ್ಬಳು ಬಸ್ ಸ್ಟ್ಯಾಂಡಿನ ಹಿಂದೆ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ಮಿಷನ್ ತುಳಿದು ತುಳಿದು ಸೊಂಟ ನೋವು. ಇನ್ನೊಬ್ಬಳು ನಮ್ಮೆಲ್ಲರಿಗಿಂತ ಕಿರಿಯಳು. ಎರಡನೇ ಹೆರಿಗೆಯ ನಂತರ ಏರಿದ ತೂಕ ಇಳಿಸಬೇಕೆಂಬ ಹಟ. ನಮ್ಮಲ್ಲಿ ಇಬ್ಬರು ಮೆಟ್ಟಿಲ ಮೇಲೆ ಬುರ್ಖಾ ತೆಗೆದು ಮಡಚಿ ಚೀಲದೊಳಗಿಟ್ಟು ಒಳಗೆ ಹೋಗುವವರು, ಇಬ್ಬರು ಸೀರೆ ಬಿಟ್ಟು ಚೂಡಿದಾರ್ ಹಾಕಲು ಜಿಮ್ಮಿನ ನೆಪ ಸಿಕ್ಕಿತೆಂದು ಖುಷಿಪಟ್ಟವರು.

ಅಲ್ಲಿದ್ದ ಸಾಮಾನುಗಳಲ್ಲಿ ಹೆಚ್ಚಿನವು ಗಂಡಸರ ತೋಳಿಗೆ ಹೇಳಿದವು. ಎರಡು ಟ್ರೆಡ್‌ಮಿಲ್ಲುಗಳಿದ್ದವು, ಒಂದು ಕೆಟ್ಟಿತ್ತು, ಇನ್ನೊಂದರ ಮುಂದೆ ಯಾವಾಗಲೂ ಸಾಲು. ಮೂಲೆಯಲ್ಲಿ ಒಂದು ಸೈಕಲ್ ಇತ್ತು. ಮುಂದೆ ಒಂದೇ ಒಂದು ಭಾರದ ಕಬ್ಬಿಣದ ಚಕ್ರ, ಅದನ್ನು ಮೇಲಿನಿಂದ ಒತ್ತುವ ಒಂದು ಮೆತ್ತೆ, ಮೆತ್ತೆಯನ್ನು ಬಿಗಿ ಮಾಡಲು ಕೆಂಪು ನಾಬ್. ಅದರ ಪುಟ್ಟ ಪರದೆಯಲ್ಲಿ ಸೆಲ್ ಹೋಗಿ ಎಷ್ಟು ಕಾಲವಾಗಿತ್ತೋ ಏನೋ. ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಟ್ರೈನರ್ ಹುಡುಗಿ ಹೇಳಿದಳು: "ಆಂಟಿ, ನೀವು ಇದರಲ್ಲಿ ಇಪ್ಪತ್ತು ನಿಮಿಷ ಮೆಲ್ಲ ತುಳೀರಿ, ಸಾಕು." ಸೈಕಲ್ ಹೀಗೆ ನಮ್ಮದಾಯಿತು.

ಮೆಲ್ಲ ತುಳಿಯುವುದು ಎರಡು ವಾರಕ್ಕೇ ಬೇಸರ ತಂದಿತು. ಎಲ್ಲಿಗೂ ಹೋಗದ ಸೈಕಲ್ಲನ್ನು ಯಾಕೆ ತುಳಿಯುತ್ತಿದ್ದೇವೆ, ಎಷ್ಟು ತುಳಿದರೆ ಸಾಕು, ನಿನ್ನೆಗಿಂತ ಇವತ್ತು ಒಳ್ಳೆಯದಾಯಿತೇ ಕೆಟ್ಟದಾಯಿತೇ, ಒಂದೂ ಗೊತ್ತಾಗುವುದಿಲ್ಲ. ಗೋಡೆ ನೋಡುತ್ತ ಸೊಸೆ, ನಾದಿನಿಯರ ಸುದ್ದಿ ಮಾತಾಡಿ ಬರುವುದಷ್ಟೇ. ಆಗ ಕಿರಿಯಳು ಫೋನಿನಲ್ಲಿ ಎಂಟು ವಾರದ ಒಂದು ತರಬೇತಿ ಪಟ್ಟಿ ಹುಡುಕಿದಳು. ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪ್ರಿಂಟ್ ತೆಗೆಸಿ ನಮಗೆಲ್ಲ ಒಂದೊಂದು ಪ್ರತಿ ಹಂಚಿದಳು.

ಆ ಪಟ್ಟಿಯನ್ನು ನೋಡಿದಾಗ ನಮಗೆ ಆದ ಸಂತೋಷವನ್ನು ಹೇಳಿದರೆ ಓದುಗರು ನಗಬಹುದು. ಪ್ರತಿ ದಿನಕ್ಕೂ ಒಂದು ಪಾಠ. ಹತ್ತು ನಿಮಿಷ ಮೈ ಬೆಚ್ಚಗೆ ಮಾಡುವುದು, ಮೂರು ನಿಮಿಷ ಬಿರುಸು, ಎರಡು ನಿಮಿಷ ನಿಧಾನ, ಮತ್ತೆ ಮೂರು ನಿಮಿಷ ಬಿರುಸು, ಹೀಗೆ ಐದು ಸಲ, ಕೊನೆಗೆ ತಣಿಯುವುದು. ಒಟ್ಟು ನಲವತ್ತೈದು ನಿಮಿಷ. ಶಾಲೆಯ ಟೈಮ್‌ಟೇಬಲ್ ಹಾಗೆ. ಟೀಚರ್ ಕೂಡಲೇ ಪೆನ್ಸಿಲಿನಿಂದ ಅಂಚಿನಲ್ಲಿ ತಾರೀಕು ಬರೆಯತೊಡಗಿದರು.

ತೊಡಕು ಶುರುವಾದದ್ದು ಎರಡನೇ ಕಾಲಂನಿಂದ. ಅಲ್ಲಿ ಎಲ್ಲವೂ ಶೇಕಡಾ ಲೆಕ್ಕ. 'ಎಫ್‌ಟಿಪಿಯ 90ರಷ್ಟು', '60ರಷ್ಟು' ಎಂದಿತ್ತು. ಎಫ್‌ಟಿಪಿ ಎಂದರೆ ಒಬ್ಬ ಮನುಷ್ಯ ಸುಮಾರು ಒಂದು ಗಂಟೆ ಕಾಲ ಬಿಡದೆ ತುಳಿದುಕೊಂಡು ಹೋಗಬಲ್ಲ ಅತಿ ಹೆಚ್ಚಿನ ಬಲ, ವಾಟ್‌ಗಳಲ್ಲಿ. ಅದನ್ನು ಕಂಡುಹಿಡಿಯಲು ಇಪ್ಪತ್ತು ನಿಮಿಷ ಕೈಲಾದಷ್ಟೂ ತುಳಿದು, ಬಂದ ಸರಾಸರಿಯಲ್ಲಿ ನೂರಕ್ಕೆ 95 ಹಿಡಿಯುತ್ತಾರೆ. ಬಲ ಎನ್ನುವುದು ಎರಡು ಸಂಗತಿಗಳ ಗುಣಾಕಾರ: ಚಕ್ರ ಎಷ್ಟು ಬಿಗಿಯಾಗಿದೆ, ಕಾಲು ಎಷ್ಟು ಬೇಗ ತಿರುಗುತ್ತಿದೆ. ಇದನ್ನು ಅಳೆಯುವ ಮೀಟರ್ ಇರುವ ಸೈಕಲ್ ಬೇರೆಯೇ, ಅದರ ಬೆಲೆಯೂ ಬೇರೆಯೇ. ನಮ್ಮದರಲ್ಲಿ ಇದ್ದದ್ದು ಒಂದು ಕೆಂಪು ನಾಬ್ ಮಾತ್ರ. ಅದರ ಮೇಲೆ ಅಂಕಿ ಇಲ್ಲ, ಗೆರೆ ಇಲ್ಲ. ನಿನ್ನೆ ಎರಡು ಸುತ್ತು ಬಿಗಿ ಮಾಡಿದಾಗ ಹತ್ತಿದ ದಮ್ಮು ಇವತ್ತು ಒಂದೂವರೆ ಸುತ್ತಿಗೇ ಹತ್ತುತ್ತದೆ. ಮೆತ್ತೆ ಒಣಗಿದರೆ ಒಂದು ಹಿಡಿತ, ಸವೆದರೆ ಇನ್ನೊಂದು.

ನಾವು ಮೊದಲು ಮಾಡಿದ ತಪ್ಪು ನಾಬನ್ನೇ ನಂಬಿದ್ದು. "ಟೀಚರ್ ಮೂರು ಸುತ್ತು ಹಾಕಿದರು, ನಾನೂ ಮೂರು ಹಾಕುತ್ತೇನೆ" ಎಂಬ ಪೈಪೋಟಿ. ಐವತ್ತು ಕಿಲೋ ತೂಗುವವಳಿಗೂ ಎಂಬತ್ತು ಕಿಲೋ ತೂಗುವವಳಿಗೂ ಒಂದೇ ಬಿಗಿ. ಎರಡನೇ ತಪ್ಪು ಹೃದಯ ಬಡಿತದ ಲೆಕ್ಕ. 220ರಲ್ಲಿ ವಯಸ್ಸನ್ನು ಕಳೆದರೆ ಸಿಗುವುದೇ ಬಡಿತದ ಮೇಲ್ಮಿತಿ ಎಂದು ಎಲ್ಲೆಡೆ ಹೇಳುತ್ತಾರೆ. ಅದು ಅಂದಾಜು ಮಾತ್ರ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಟೀಚರ್ ಕೈಗೆ ಮಗನ ವಾಚು ಕಟ್ಟಿಕೊಂಡು ತುಳಿದರು. ಉಸಿರು ಮೇಲೆ ಕೆಳಗೆ ಆಗುತ್ತಿದೆ, ವಾಚಿನಲ್ಲಿ ಬಡಿತ ಮಾತ್ರ ನೂರಹತ್ತು ದಾಟುವುದಿಲ್ಲ. ವಾಚು ಹಾಳಾಗಿದೆ ಎಂದುಕೊಂಡು ಇನ್ನೂ ಜೋರಾಗಿ ತುಳಿದರು. ಇಳಿದವರೇ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತುಬಿಟ್ಟರು. ಮರುದಿನ ಡಾಕ್ಟರರ ಹತ್ತಿರ ಕೇಳಿದಾಗ ಗೊತ್ತಾಯಿತು: ಅವರು ಪ್ರೆಶರಿಗೆ ತೆಗೆದುಕೊಳ್ಳುವ ಮಾತ್ರೆ ಹೃದಯದ ಬಡಿತವನ್ನೇ ತಗ್ಗಿಸುವ ಜಾತಿಯದು. ಆ ಮಾತ್ರೆ ನುಂಗುವವರಿಗೆ 220ರ ಸೂತ್ರ ಹೊಂದುವುದಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಅದಕ್ಕೆ ಡಾಕ್ಟರರೇ ದಾರಿ ತೋರಿಸಿದರು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನೋವಿಜ್ಞಾನಿ ರೂಪಿಸಿದ ಒಂದು ಅಳತೆಗೋಲಿದೆ. ಯಂತ್ರವನ್ನು ಕೇಳುವ ಬದಲು ತುಳಿಯುವವರನ್ನೇ ಕೇಳುವುದು ಅದರ ಕ್ರಮ. 6ರಿಂದ 20ರವರೆಗೆ ಅಂಕಗಳು. 6 ಎಂದರೆ ಸುಮ್ಮನೆ ಕೂತ ಹಾಗೆ. 13 ಎಂದರೆ ಸ್ವಲ್ಪ ಕಷ್ಟ. 15 ಎಂದರೆ ಕಷ್ಟ. 17 ಎಂದರೆ ಬಹಳ ಕಷ್ಟ. 20 ಎಂದರೆ ಇನ್ನಾಗುವುದೇ ಇಲ್ಲ. ಆರರಿಂದ ಯಾಕೆ ಶುರು ಎಂದರೆ, ಆರೋಗ್ಯವಂತರಲ್ಲಿ ಈ ಅಂಕವನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಹೃದಯ ಬಡಿತ ಬರಲಿ ಎಂದು. ಇದಕ್ಕಿಂತಲೂ ಸುಲಭದ ಪರೀಕ್ಷೆ ಮಾತು. ತುಳಿಯುತ್ತ ಒಂದು ಇಡೀ ವಾಕ್ಯ ಹೇಳಲು ಬಂದರೆ ಹದವಾದ ಶ್ರಮ. ಎರಡು ಮೂರು ಶಬ್ದಕ್ಕೇ ಉಸಿರು ತುಂಡಾದರೆ ಬಿರುಸು. ನಮ್ಮ ನಾಲ್ವರಲ್ಲಿ ಮಾತಿಗೇನೂ ಬರವಿರಲಿಲ್ಲವಾದ್ದರಿಂದ ಈ ಪರೀಕ್ಷೆ ನಮಗೆ ಚೆನ್ನಾಗಿ ಒಗ್ಗಿತು.

ಕಾಲಿನ ವೇಗ ಎಣಿಸುವ ಕೆಲಸವನ್ನು ಹಿರಿಯಕ್ಕ ವಹಿಸಿಕೊಂಡರು. ಪಟ್ಟಿಯಲ್ಲಿ 'ನಿಮಿಷಕ್ಕೆ 80 ಸುತ್ತು' ಎಂದಿರುತ್ತದೆ, ಪರದೆಯೋ ಸತ್ತಿದೆ. ಬಲ ಮೊಣಕಾಲು ಹದಿನೈದು ಸೆಕೆಂಡಿನಲ್ಲಿ ಎಷ್ಟು ಸಲ ಮೇಲೆ ಬಂತು ಎಂದು ಎಣಿಸಿ ನಾಲ್ಕರಿಂದ ಗುಣಿಸಿದರಾಯಿತು. ನಾವು ಎಣಿಸಿದರೆ ನಡುವೆ ತಪ್ಪುತ್ತಿತ್ತು. ಹಿರಿಯಕ್ಕ ಯಾರ ಜೊತೆಗೋ ಮಾತಾಡುತ್ತಲೇ ಎಣಿಸುತ್ತಿದ್ದರು. ಇಪ್ಪತ್ತಾದ ಕೂಡಲೇ "ಸರಿ ಉಂಟು, ಹಾಗೇ ಹೋಗು ಮಗಾ" ಎನ್ನುವರು. ಮಡಿಲಲ್ಲಿ ಮೊರ ಇಟ್ಟುಕೊಂಡು ದಿನಕ್ಕೆ ಸಾವಿರ ಬೀಡಿ ಕಟ್ಟಿದ ಕೈಯಲ್ಲವೇ? ಮಕ್ಕಳಿಗೆ ಊಟ ಬಡಿಸುವಾಗಲೂ, ನೆರೆಮನೆಯವರ ಜೊತೆ ಹರಟುವಾಗಲೂ ಒಳಗೊಳಗೇ ಇಪ್ಪತ್ತೈದರ ಕಟ್ಟು ಎಣಿಸುತ್ತ ಬಂದವರು ಅವರು. ಆ ಬೀಡಿಯನ್ನು ಬ್ರಾಂಚಿಗೆ ಒಯ್ಯಲು ಅವರ ತಮ್ಮನಿಗೆ ಸೈಕಲ್ ಇತ್ತು. ಅಕ್ಕನ ದುಡ್ಡಿನಿಂದ ಕೊಂಡ ಸೈಕಲ್. ಅದರ ಸೀಟಿನ ಮೇಲೆ ತಾವು ಒಮ್ಮೆಯೂ ಕೂತದ್ದಿಲ್ಲ ಎಂದು ಅವರು ನಮಗೆ ಹೇಳಿದ್ದು ಬಹಳ ದಿನಗಳ ಮೇಲೆ, ಅದೂ ನಗುತ್ತ.

ನಮ್ಮ ಕಿರಿಯಳ ಕಥೆ ಬೇರೆ. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ಅವಳಿಗೂ ಒಂದು ಸಿಕ್ಕಿತ್ತು. ಗಾಳಿ ಬಡಿದು ದುಪಟ್ಟಾ ಹಾರುತ್ತ ಎರಡು ಮೈಲು ಶಾಲೆಗೆ ಹೋದದ್ದನ್ನು ಅವಳು ಇವತ್ತಿಗೂ ಹಬ್ಬದ ಹಾಗೆ ನೆನೆಯುತ್ತಾಳೆ. ಹತ್ತನೇ ತರಗತಿ ಮುಗಿದ ಮೇಲೆ ಸೈಕಲ್ ತಮ್ಮನ ಪಾಲಾಯಿತು. ಒಂದೇ ಊರು, ನಡುವೆ ಒಂದು ತಲೆಮಾರಿನ ಅಂತರ. ಒಬ್ಬರಿಗೆ ಸೈಕಲ್ ಸಿಗಲೇ ಇಲ್ಲ, ಒಬ್ಬಳಿಗೆ ಮೂರು ವರ್ಷ ಸಿಕ್ಕಿತು. ಈಗ ಇಬ್ಬರಿಗೂ ಸೇರಿ ಸಿಕ್ಕಿರುವುದು ಎಲ್ಲಿಗೂ ಹೋಗದ ಸೈಕಲ್.

ಒಂದು ದಿನ ಹಿರಿಯಕ್ಕ ತುಳಿಯುತ್ತಿದ್ದವರು ಎಣಿಕೆ ತಪ್ಪಿಸಿದರು. ಹದಿನಾಲ್ಕು ಆದ ಮೇಲೆ ಮತ್ತೆ ಹನ್ನೊಂದು ಎಂದರು. ನಾವು ನಕ್ಕೆವು. ಮರುಕ್ಷಣ ನೋಡಿದರೆ ಮುಖವೆಲ್ಲ ತಣ್ಣನೆಯ ಬೆವರು, ಕೈ ನಡುಗುತ್ತಿದೆ. ಟೈಲರ್ ಓಡಿಹೋಗಿ ಕೆಂಪು ನಾಬನ್ನು ಕೆಳಕ್ಕೆ ಒತ್ತಿ ಚಕ್ರ ನಿಲ್ಲಿಸಿದಳು. ಆ ಸೈಕಲ್ಲಿನಲ್ಲಿ ನಾವು ಕಾಲು ನಿಲ್ಲಿಸಿದರೂ ಚಕ್ರದ ಭಾರಕ್ಕೆ ಪೆಡಲ್ ತಿರುಗುತ್ತಲೇ ಇರುತ್ತದೆ. ನಾಬ್ ಒತ್ತದೆ ಇಳಿಯಲು ಹೋದರೆ ಪೆಡಲ್ ಕಾಲಿಗೆ ಬಡಿಯುತ್ತದೆ. ಇಳಿಸಿ ಕೂರಿಸಿ, ಕೆಳಗಿನ ಹೋಟೆಲಿನಿಂದ ಸಕ್ಕರೆ ತರಿಸಿ, ಮೂರು ಚಮಚ ನೀರಿನಲ್ಲಿ ಕಲಸಿ ಕುಡಿಸಿದೆವು. ಹದಿನೈದು ನಿಮಿಷದಲ್ಲಿ ಅವರ ಮುಖಕ್ಕೆ ಬಣ್ಣ ಬಂತು. ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ಬೇಗ ಗುಣವಾಗುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ ಅವರು ಬೆಳಿಗ್ಗೆ ಮಾತ್ರೆ ನುಂಗಿ ತಿಂಡಿ ಬಿಟ್ಟು ಬಂದಿದ್ದರು.

ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ನ ಸಹಾಯವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ವ್ಯಾಯಾಮ ಮದ್ದಾಗುವುದು ಈ ಕಾರಣದಿಂದಲೇ. ಆದರೆ ಕೆಲವು ಮಾತ್ರೆಗಳೂ ಇನ್ಸುಲಿನ್ ಚುಚ್ಚುಮದ್ದೂ ಅದೇ ಹೊತ್ತಿನಲ್ಲಿ ಸಕ್ಕರೆಯನ್ನು ಇಳಿಸುತ್ತಿರುತ್ತವೆ. ಹೊಟ್ಟೆಯೂ ಖಾಲಿ ಇದ್ದರೆ ಎಲ್ಲ ಸೇರಿ ಮನುಷ್ಯನನ್ನು ಕೆಡವುತ್ತವೆ. ಐಸಿಎಂಆರ್ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆ. ಅವರಲ್ಲಿ ಎಷ್ಟು ಮಂದಿಗೆ ಡಾಕ್ಟರರ ಕೋಣೆಯಲ್ಲಿ ಇಷ್ಟನ್ನು ಕೇಳಿ ತಿಳಿದುಕೊಳ್ಳಲು ಪುರುಸೊತ್ತು ಸಿಗುತ್ತದೆ? ಆ ದಿನದಿಂದ ನಮ್ಮ ಚೀಲದಲ್ಲಿ ಗ್ಲುಕೋಸ್ ಬಿಸ್ಕಿಟ್ ಮತ್ತು ಸಕ್ಕರೆ ಪೊಟ್ಟಣ ಖಾಯಂ. ಡಾಕ್ಟರರು ಹಿರಿಯಕ್ಕನ ಹೃದಯ ಪರೀಕ್ಷೆ ಮಾಡಿಸಿ, ಮಾತ್ರೆಯ ಹೊತ್ತು ಬದಲಿಸಿ, 13 ಅಂಕ ದಾಟಬಾರದೆಂದು ಮಿತಿ ಹಾಕಿ ಕೊಟ್ಟರು. ಟೀಚರಿಗೆ ಕೊಟ್ಟ ಮಿತಿ 15.

ಇಷ್ಟೆಲ್ಲ ಆದ ಮೇಲೂ ನಮ್ಮ ದೊಡ್ಡ ಸಮಸ್ಯೆ ಹಾಗೇ ಇತ್ತು. ನಾಲ್ವರು, ತಲಾ ನಲವತ್ತೈದು ನಿಮಿಷ. ಒಟ್ಟು ಮೂರು ಗಂಟೆ. ಇರುವುದು ಒಂದೂವರೆ ಗಂಟೆ. ಒಂದೇ ಸೈಕಲ್. ಪಟ್ಟಿ ಬರೆದವರ ಕಣ್ಣ ಮುಂದೆ ಇದ್ದದ್ದು ತನ್ನದೇ ಮನೆಯಲ್ಲಿ, ತನ್ನದೇ ಸೈಕಲ್ ಮೇಲೆ, ಒಬ್ಬನೇ ಕೂತ ಮನುಷ್ಯ. ನಮ್ಮಂಥವರು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಮೊದಲು ಬಂದವರಿಗೆ ಮೊದಲು ಎಂದೆವು. ಹತ್ತೂಮುಕ್ಕಾಲಿಗೇ ಬಂದು ಮೆಟ್ಟಿಲ ಮೇಲೆ ಕಾಯುವ ಪೈಪೋಟಿ ಶುರುವಾಯಿತು. ತಲಾ ಇಪ್ಪತ್ತು ನಿಮಿಷ ಎಂದೆವು. ಯಾರ ಪಾಠವೂ ಪೂರ್ತಿಯಾಗದು.

ಒಂದು ಸೋಮವಾರ ಟೈಲರ್ ತನ್ನ ಇಪ್ಪತ್ತು ನಿಮಿಷ ಮುಗಿದರೂ ಇಳಿಯಲಿಲ್ಲ. "ಇನ್ನೊಂದೇ ಸುತ್ತು, ಇನ್ನೊಂದೇ" ಎಂದು ಹೇಳುತ್ತ ಪಟ್ಟಿಯ ಐದೂ ಸುತ್ತು ಮುಗಿಸಿದಳು. ಟೀಚರಿಗೆ ಉಳಿದದ್ದು ಆರು ನಿಮಿಷ. "ನಾವೂ ದುಡ್ಡು ಕೊಟ್ಟೇ ಬರುವುದಲ್ಲವಾ?" ಎಂದರು ಟೀಚರ್. "ಪೆನ್ಶನ್ ಇರುವವರಿಗೆ ನಾಳೆಯೂ ಉಂಟು, ನಾಡಿದ್ದೂ ಉಂಟು" ಎಂದಳು ಟೈಲರ್. ಮಾತು ಅಲ್ಲಿಗೆ ನಿಂತಿತು. ಆದರೆ ಬುಧವಾರ ಅವಳು ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಮುಂದಿನ ವಾರವೂ ಇಲ್ಲ.

ಅವಳ ಅಂಗಡಿಗೆ ಮೂವರೂ ಹೋದೆವು. ಶಾಲೆ ಯೂನಿಫಾರ್ಮಿನ ರಾಶಿಯ ನಡುವೆ ಕೂತಿದ್ದಳು. ಚಾ ತರಿಸಿದಳು, ಮುಖ ಕೊಟ್ಟು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದಳು: "ಟೀಚರೇ, ನಾನು ಮಾಡಿದ್ದು ತಪ್ಪು. ಆದರೆ ನನ್ನ ಒಂದು ಮಾತು ಕೇಳಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಾನು ಹಿಡಿದ ಒಂದು ಕೆಲಸವೂ ಮುಗಿಯುವುದಿಲ್ಲ. ರವಿಕೆ ಅರ್ಧ ಆಗುವಾಗ ಗಿರಾಕಿ ಬರುತ್ತಾರೆ, ಗಿರಾಕಿಯ ಅಳತೆ ತೆಗೆಯುವಾಗ ಮನೆಯಿಂದ ಫೋನು. ಅನ್ನ ಉಣ್ಣುವುದೂ ಅರ್ಧ. ಈ ಕಾಗದದಲ್ಲಿ ಐದು ಸುತ್ತು ಎಂದು ಬರೆದಿದೆ. ಐದು ಮುಗಿಸಿದೆ ಎಂದು ಒಂದು ಗೆರೆ ಹಾಕಬೇಕು ಅನ್ನಿಸಿತು. ಅಷ್ಟೇ."

ಟೀಚರ್ ಏನೂ ಹೇಳಲಿಲ್ಲ. ಚಾ ಕುಡಿದು ಲೋಟ ಕೆಳಗಿಟ್ಟು, "ನಿಮ್ಮ ಸೀಟು ಎಷ್ಟನೇ ತೂತಿನಲ್ಲಿ?" ಎಂದು ಕೇಳಿದರು. "ಐದು" ಎಂದಳು. "ನನ್ನದೂ ಐದು" ಎಂದರು ಟೀಚರ್.

ಈ ಸೀಟಿನ ವಿಷಯ ಹೇಳಬೇಕು. ಒಂದೇ ಸೈಕಲ್ಲನ್ನು ಹಲವರು ಬಳಸುವಾಗ ನಿಜವಾಗಿ ಹೊತ್ತು ತಿನ್ನುವುದು ಇದು. ಸೀಟಿನ ಕಂಬದಲ್ಲಿ ಸಾಲಾಗಿ ತೂತುಗಳಿರುತ್ತವೆ, ಪಿನ್ನು ಎಳೆದು ಎತ್ತರ ಬದಲಿಸಬೇಕು. ಸೀಟಿನ ಮೇಲೆ ಕೂತು ಪೆಡಲನ್ನು ಪೂರಾ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಆಗ ತುಳಿಯುವಾಗ, ಅಂದರೆ ಪಾದದ ಮುಂಭಾಗ ಪೆಡಲಿನ ಮೇಲಿರುವಾಗ, ಮೊಣಕಾಲು ಸ್ವಲ್ಪವೇ ಬಾಗಿರುತ್ತದೆ. ಸೀಟು ತಗ್ಗಿದ್ದರೆ ಮೊಣಕಾಲಿನ ಮುಂದೆ ನೋವು, ಎತ್ತರವಿದ್ದರೆ ಸೊಂಟ ಆ ಕಡೆ ಈ ಕಡೆ ಒಲೆದಾಡಿ ಅಲ್ಲಿ ನೋವು. ಟೈಲರಿನ ಸೊಂಟ ನೋವು ಜಿಮ್ಮಿಗೆ ಬಂದ ಮೇಲೆ ಹೆಚ್ಚಾಗಿದ್ದುದಕ್ಕೆ ಕಾರಣ ಅವಳು ಯಾರೋ ಬಿಟ್ಟುಹೋದ ಏಳನೇ ತೂತಿನಲ್ಲೇ ತುಳಿದಿದ್ದು. ಕಿರಿಯಳು ಮನೆಯಿಂದ ಉಗುರುಬಣ್ಣ ತಂದು ಐದಕ್ಕೆ ಕೆಂಪು, ಮೂರಕ್ಕೆ ಗುಲಾಬಿ ಗುರುತು ಹಾಕಿದ್ದಳು. ಹಿರಿಯಕ್ಕನದೂ ಅವಳದೂ ಮೂರು.

ಎರಡು ಜೋಡಿಗಳು ಹೀಗೆ ತಾವಾಗಿಯೇ ಆದವು. ಇಬ್ಬರಿಗೆ ಒಂದೇ ಸೀಟು ಎಂದ ಮೇಲೆ ಪಿನ್ನು ಎಳೆಯುವ ಕೆಲಸವಿಲ್ಲ, ಒಬ್ಬರು ಇಳಿದ ಕೂಡಲೇ ಇನ್ನೊಬ್ಬರು ಹತ್ತಬಹುದು. ಆಗ ನಮಗೆ ಹೊಳೆದ ಸಂಗತಿ ಬಹಳ ಸಣ್ಣದು, ಆದರೆ ಅಷ್ಟು ದಿನ ಹೊಳೆದಿರಲಿಲ್ಲ. ಪಟ್ಟಿಯಲ್ಲಿ ಬಿರುಸು ಎಷ್ಟು ಮುಖ್ಯವೋ ವಿಶ್ರಾಂತಿಯೂ ಅಷ್ಟೇ ಮುಖ್ಯ. ವಿಶ್ರಾಂತಿ ಇಲ್ಲದಿದ್ದರೆ ಮುಂದಿನ ಸುತ್ತಿನಲ್ಲಿ ಬಿರುಸೇ ಬರುವುದಿಲ್ಲ. ಆ ವಿಶ್ರಾಂತಿಯ ಹೊತ್ತಿನಲ್ಲಿ ಸೈಕಲ್ ಮೇಲೆಯೇ ಕೂತಿರಬೇಕೆಂದು ಯಾರು ಹೇಳಿದರು? ಒಬ್ಬಳ ವಿಶ್ರಾಂತಿ ಇನ್ನೊಬ್ಬಳ ಸರದಿಯಾಗಬಹುದಲ್ಲ?

ಹಳೆಯ ಪಟ್ಟಿಯ ಹಿಂಬದಿಯಲ್ಲಿ ಟೀಚರ್ ಹೊಸ ಪಟ್ಟಿ ಬರೆದರು. ನಾರ್ವೆಯ ಟ್ರಾಂಡ್‌ಹೈಮ್ ನಗರದ ವಿಶ್ವವಿದ್ಯಾಲಯದ ಸಂಶೋಧಕರಿಂದ ಹೆಸರಾದ 'ನಾಲ್ಕು ಗುಣಿಸು ನಾಲ್ಕು' ಎಂಬ ಕ್ರಮವನ್ನು ಆಧಾರವಾಗಿಟ್ಟುಕೊಂಡೆವು. ನಾಲ್ಕು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಅದರ ಮೇಲೆ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದ್ದವರು 40 ಆರೋಗ್ಯವಂತ ಗಂಡಸರು. ಅದೇ ವರ್ಷದ ಇನ್ನೊಂದರಲ್ಲಿ ಹೃದಯ ದುರ್ಬಲವಾದ ವಯಸ್ಸಾದ ರೋಗಿಗಳೂ ತಜ್ಞರ ಕಣ್ಗಾವಲಿನಲ್ಲಿ ಇದನ್ನು ಮಾಡಿದ್ದರು. ಜಪಾನಿನ ಇಜುಮಿ ತಬಾತ 1996ರಲ್ಲಿ ಪ್ರಕಟಿಸಿದ, ಇಪ್ಪತ್ತು ಸೆಕೆಂಡು ತುಳಿದು ಹತ್ತು ಸೆಕೆಂಡು ಬಿಡುವ ಕ್ರಮವನ್ನೂ ಕಿರಿಯಳು ಓದಿ ಬಂದಿದ್ದಳು. ಅದು ಸೈಕಲ್ ಮೇಲೆಯೇ ನಡೆದ ಪ್ರಯೋಗ. ಆದರೆ ಹತ್ತು ಸೆಕೆಂಡಿನಲ್ಲಿ ಒಬ್ಬಳು ಇಳಿದು ಇನ್ನೊಬ್ಬಳು ಹತ್ತುವುದು ಸರ್ಕಸ್ಸಿನವರಿಗೆ ಮಾತ್ರ ಸಾಧ್ಯ. ಅದೂ ಅಲ್ಲದೆ ಆ ಪ್ರಯೋಗಕ್ಕೆ ಒಳಗಾದವರು ವ್ಯಾಯಾಮ ಶಿಕ್ಷಣದ ತರುಣರು. ಅದನ್ನು ಬಿಟ್ಟೆವು.

ನಮ್ಮ ಕ್ರಮ ಇದು. ಒಬ್ಬಳು ನಾಲ್ಕು ನಿಮಿಷ ತುಳಿಯುವುದು. ಆ ನಾಲ್ಕು ನಿಮಿಷ ಜೋಡಿಯವಳು ಕೋಣೆಯಲ್ಲಿ ಮೆಲ್ಲ ನಡೆಯುವುದು, ಕೂರಬಾರದು. ನಾರ್ವೆಯವರ ಮೂರು ನಿಮಿಷದ ವಿಶ್ರಾಂತಿಗಿಂತ ನಮ್ಮದರಲ್ಲಿ ಒಂದು ನಿಮಿಷ ಹೆಚ್ಚು, ಅದು ನಮ್ಮ ಮೊಣಕಾಲಿಗೆ ನಾವು ತೋರಿಸಿದ ದಯೆ. ಇಬ್ಬರಿಗೂ ನಾಲ್ಕು ನಾಲ್ಕು ಸುತ್ತು ಆಗಲು ಮೂವತ್ತೆರಡು ನಿಮಿಷ. ಎರಡು ಜೋಡಿಗೆ ಅರುವತ್ತನಾಲ್ಕು. ಮೈ ಬೆಚ್ಚಗೆ ಮಾಡುವುದಕ್ಕೆ ಸೈಕಲ್ ಬೇಡ. ಹಾರ್ಡ್‌ವೇರ್ ಅಂಗಡಿಯಿಂದ ಎರಡನೇ ಮಹಡಿಯವರೆಗೆ ಮೆಟ್ಟಿಲು ಇದೆ. ಮೊದಲ ಜೋಡಿ ತುಳಿಯುತ್ತಿರುವಾಗ ಎರಡನೇ ಜೋಡಿ ನಿಧಾನವಾಗಿ ಮೆಟ್ಟಿಲು ಹತ್ತಿ ಇಳಿಯಲಿ. ಒರೆಸುವುದಕ್ಕೆ ಒಂದು ಬಟ್ಟೆ, ದುಪಟ್ಟಾಕ್ಕೆ ಎರಡು ಪಿನ್ನು. ಎಲ್ಲ ಸೇರಿ ಒಂದೂವರೆ ಗಂಟೆಯೊಳಗೆ ಮುಗಿದು ಇನ್ನೂ ನಾಲ್ಕು ಮಾತಾಡಲು ಹೊತ್ತು ಉಳಿಯಿತು.

ತುಂಡು ತುಂಡಾಗಿ ತುಳಿದರೆ ಅದಕ್ಕೆ ಬೆಲೆಯುಂಟೇ ಎಂಬ ಅನುಮಾನ ಹಿರಿಯಕ್ಕನಿಗಿತ್ತು. ಅವರು ಪ್ರತಿ ಸರದಿಯಲ್ಲೂ ಮೂರು ನಿಮಿಷಕ್ಕೇ ಇಳಿದುಬಿಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಮೊದಲು, ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದ ವ್ಯಾಯಾಮವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳುತ್ತಿತ್ತು. 2020ರ ಮಾರ್ಗಸೂಚಿಯಲ್ಲಿ ಆ ಷರತ್ತನ್ನು ತೆಗೆದುಹಾಕಿತು. ವಾರಕ್ಕೆ 150ರಿಂದ 300 ನಿಮಿಷ ಹದವಾದ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ಶ್ರಮ. ಅದು ಸಣ್ಣ ಸಣ್ಣ ತುಂಡಾಗಿ ಬಂದರೂ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಕೇಳಿ ಹಿರಿಯಕ್ಕ, "ಬೀಡಿಯ ಹಾಗೆ. ಒಂದೊಂದೇ ಕಟ್ಟಿದರೂ ಸಂಜೆಗೆ ಸಾವಿರ ಆಗುತ್ತದೆ" ಎಂದರು. ನಮ್ಮ ವಾರದ ಮೂರು ದಿನ ಆ ಲೆಕ್ಕವನ್ನು ತುಂಬುವುದಿಲ್ಲ. ಉಳಿದದ್ದನ್ನು ಮೆಟ್ಟಿಲು, ಅಂಗಳ, ಮಳೆ ಬಿಟ್ಟ ದಿನದ ನಡಿಗೆ ತುಂಬಬೇಕು.

ಹಳೆಯ ಪಟ್ಟಿಯ ಶೇಕಡಾ ಲೆಕ್ಕದ ಮೇಲೆ ನಮಗಿದ್ದ ಸಿಟ್ಟೂ ಈಗ ಇಳಿದಿದೆ. ಮೊದಲು ಅದು ನಮ್ಮನ್ನು ಹೊರಗಿಡುವ ಗಣಿತ ಎನ್ನಿಸಿತ್ತು. ಯೋಚಿಸಿ ನೋಡಿದರೆ ಅದರಲ್ಲಿ ಒಂದು ನ್ಯಾಯವಿದೆ. ನೂರಕ್ಕೆ ತೊಂಬತ್ತು ಎಂದರೆ ಯಾರ ನೂರು? ಅವರವರ ನೂರು. ಹಿರಿಯಕ್ಕನ 13 ಬೇರೆ, ಕಿರಿಯಳ 13 ಬೇರೆ. ಒಬ್ಬರು ನಾಬನ್ನು ಮುಟ್ಟಿಯೂ ಮುಟ್ಟದ ಹಾಗೆ ತಿರುಗಿಸಿ ತುಳಿಯುವಾಗ ಪಡುವ ಕಷ್ಟವೇ ಇನ್ನೊಬ್ಬಳು ಎರಡು ಸುತ್ತು ಬಿಗಿ ಮಾಡಿ ಪಡುವ ಕಷ್ಟ. ನಾಬ್ ನೋಡಿದರೆ ಒಬ್ಬರು ಸೋತವರು, ಒಬ್ಬರು ಗೆದ್ದವರು. ಉಸಿರು ಕೇಳಿದರೆ ಇಬ್ಬರೂ ಒಂದೇ ಪಾಠ ಮಾಡುತ್ತಿದ್ದಾರೆ. ನಮ್ಮ ಹೆಣ್ಣುಮಕ್ಕಳು ಹುಟ್ಟಿದಂದಿನಿಂದ ಇನ್ನೊಬ್ಬರ ಅಳತೆಯಲ್ಲೇ ತಮ್ಮನ್ನು ತೂಗಿಕೊಂಡು ಬಂದವರು. ಆಚೆ ಮನೆಯ ಸೊಸೆ ಎಷ್ಟು ದುಡಿಯುತ್ತಾಳೆ, ಈಚೆ ಮನೆಯವಳು ಎಷ್ಟು ಸಪೂರ ಇದ್ದಾಳೆ ಎಂದು. ನಿನ್ನ ಕಷ್ಟ ಎಷ್ಟೆಂದು ನಿನ್ನನ್ನೇ ಕೇಳುತ್ತೇನೆ ಎನ್ನುವ ಒಂದು ಅಳತೆಗೋಲು ಇದೆಯೆಂಬುದೇ ನಮಗೆ ಹೊಸದು. ಹಿರಿಯಕ್ಕನಿಗೆ ಮೊದಲ ಸಲ "ಎಷ್ಟು ಕಷ್ಟ ಆಗ್ತಾ ಉಂಟು, ಆರರಿಂದ ಇಪ್ಪತ್ತರೊಳಗೆ ಹೇಳಿ" ಎಂದಾಗ ಅವರು ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡಿದ್ದರು. ಹಾಗೆ ಯಾರೂ ಕೇಳಿದ್ದಿಲ್ಲ ಎಂದರು.

ಆರು ತಿಂಗಳಾದ ಮೇಲೆ ಹಿರಿಯಕ್ಕನ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ 8.9ರಿಂದ 7.8ಕ್ಕೆ ಇಳಿದಿತ್ತು. ಇದು ಸೈಕಲ್ಲಿನ ಪವಾಡವಲ್ಲ. ರಾತ್ರಿಯ ಅನ್ನ ಕಡಿಮೆಯಾಗಿದೆ, ಮಾತ್ರೆ ಬದಲಾಗಿದೆ, ಇನ್ನೂ ಇಳಿಯಬೇಕು ಎಂದು ಡಾಕ್ಟರರು ಸ್ಪಷ್ಟವಾಗಿ ಹೇಳಿದರು. ಟೀಚರಿನ ಪ್ರೆಶರ್ ಹಾಗೇ ಇದೆ, ಆದರೆ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದಿಲ್ಲ. ಕಿರಿಯಳ ತೂಕ ಅವಳು ಅಂದುಕೊಂಡಷ್ಟು ಇಳಿದಿಲ್ಲ. ಟೈಲರ್ ಎಂಟು ವಾರದ ಪಟ್ಟಿಯನ್ನು ನಮ್ಮ ಲೆಕ್ಕಕ್ಕೆ ಹೊಂದಿಸಿಕೊಂಡು ಹದಿಮೂರು ವಾರಗಳಲ್ಲಿ ಮುಗಿಸಿದಳು. ಕೊನೆಯ ಗೆರೆಯನ್ನು ಅಳತೆ ಗುರುತು ಹಾಕುವ ನೀಲಿ ಚಾಕಿನಿಂದ ಹಾಕಿದಳು. ಗಡಿಯಾರ ಹಿಡಿದು ನಿಂತಿದ್ದವರು ಟೀಚರ್.

ಕಿರಿಯಳು ಒಮ್ಮೆ ಹಿರಿಯಕ್ಕನಿಗೆ, "ಅಕ್ಕಾ, ನಿಜವಾದ ಸೈಕಲ್ ಕಲಿಸಿಕೊಡಲಾ?" ಎಂದು ಕೇಳಿದಳು. "ಬೇಡ ಮಗಾ. ಇದರಲ್ಲಿ ಬೀಳುವ ಹೆದರಿಕೆ ಇಲ್ಲ, ಅದಕ್ಕೇ ಹತ್ತಿದ್ದು" ಎಂದರು ಅವರು. ಸ್ವಲ್ಪ ತಡೆದು, "ಮೊಮ್ಮಗಳಿಗೆ ಕಲಿಸು" ಎಂದು ಸೇರಿಸಿದರು. ನಿಂತ ಸೈಕಲ್ ಕಾಲಿಗೆ ಬಲ ಕೊಡುತ್ತದೆ, ಸಮತೋಲನ ಕಲಿಸುವುದಿಲ್ಲ. ಅದನ್ನು ರಸ್ತೆಯಲ್ಲೇ ಕಲಿಯಬೇಕು, ಬಿದ್ದೇ ಕಲಿಯಬೇಕು. ಮೊಮ್ಮಗಳ ಪಾಠ ದೀಪಾವಳಿ ರಜೆಗೆ ಎಂದು ನಿಶ್ಚಯವಾಗಿದೆ.

ಕಳೆದ ವಾರ ಮೀನು ಮಾರ್ಕೆಟಿನ ಹತ್ತಿರದ ಒಬ್ಬ ಹೆಂಗಸು ಬಂದು ನಮ್ಮ ಗೋಡೆಯ ಕಾಗದವನ್ನು ಓದುತ್ತ ನಿಂತಿದ್ದಳು. "ನನ್ನನ್ನೂ ಸೇರಿಸ್ತೀರಾ?" ಎಂದು ಕೇಳಿದಳು. ನಮ್ಮೆಲ್ಲರಿಗಿಂತ ಒಂದು ಗೇಣು ಉದ್ದ. ಸೀಟು ಎತ್ತಿ ನೋಡಿದರೆ ಎಂಟನೇ ತೂತು. ಮೂರರ ಜೋಡಿಗೂ ಹೊಂದುವುದಿಲ್ಲ, ಐದರ ಜೋಡಿಗೂ ಹೊಂದುವುದಿಲ್ಲ. ಆಗುವುದಿಲ್ಲ ಎನ್ನಲು ನಮ್ಮ ಬಾಯಿ ಬರಲಿಲ್ಲ. ಟೀಚರ್ ಕಾಗದ ಕಿತ್ತು ಹೊಸ ಲೆಕ್ಕ ಬರೆಯತೊಡಗಿದರು. ಕಿರಿಯಳು ಚೀಲದಲ್ಲಿ ಇನ್ನೊಂದು ಬಣ್ಣದ ಉಗುರುಬಣ್ಣ ಹುಡುಕುತ್ತಿದ್ದಳು.